ಗುಂಡು ಹಾರಿಸಿದ ಮೇಲೂ ಕಣ್ಣಿಗೆ ಬೀಳದಿರುವುದು ಹೇಗೆ?

ಕಳೆದ ಬೇಸಿಗೆಯ ಒಂದು ಭಾನುವಾರ. ರಾಜಾಜಿನಗರದಲ್ಲಿ ಅಕ್ಕನ ಮನೆ. ಊಟ ಆಗಿ ದೊಡ್ಡವರೆಲ್ಲ ಒರಗಿದ್ದರು. ನಾನೂ ಅಕ್ಕನ ಮಗನೂ ಫೋನಿನಲ್ಲಿ ಬಿಜಿಎಂಐ (ಪಬ್‌ಜಿ ಅನ್ನುವ ಬಂದೂಕಿನ ಆಟದ ಭಾರತದ ಆವೃತ್ತಿ) ಹಾಕಿಕೊಂಡು ಎರಾಂಗೆಲ್ ಮ್ಯಾಪಿನಲ್ಲಿ ಇಳಿದೆವು. ನನಗೆ ಕಾರ್ 98ಕೆ ಅನ್ನುವ ಸ್ನೈಪರ್ ಬಂದೂಕು ಸಿಕ್ಕಿತು, ದೂರದ್ದನ್ನು ಆರು ಪಟ್ಟು ಹತ್ತಿರ ತೋರಿಸುವ 6ಎಕ್ಸ್ ಸ್ಕೋಪೂ ಸಿಕ್ಕಿತು. ಇನ್ನೇನು ಬೇಕು? ಗುಡ್ಡದ ಇಳಿಜಾರಿನ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ಪರದೆ ತುಂಬಾ ಹುಲ್ಲೇ ಹುಲ್ಲು. ದೇವರಿಗೂ ಕಾಣಲ್ಲ ಅಂದುಕೊಂಡೆ.

ಎದುರಿನ ಗುಡ್ಡದಲ್ಲಿದ್ದ ಹುಡುಗ ಕಿಸಕ್ಕನೆ ನಕ್ಕು ತನ್ನ ಫೋನನ್ನು ನನ್ನ ಕಡೆ ತಿರುಗಿಸಿದ. "ಮಾಮ, ನೀವು ಹುಲ್ಲಲ್ಲಿಲ್ಲ. ಬಯಲಲ್ಲಿ ಮಲಗಿದೀರ, ನೋಡಿ."

ನೋಡಿದೆ. ಅವನ ಸ್ಕೋಪಿನಲ್ಲಿ ಹುಲ್ಲಿನ ಒಂದು ಎಳೆಯೂ ಇಲ್ಲ. ಬೋಳು ಹಸಿರು ನೆಲ, ಅದರ ಮೇಲೆ ಒಣಹಾಕಿದ ಪಂಚೆಯ ಹಾಗೆ ನಾನು.

ಅಡಗಿ ಕೂತು ದೂರದಿಂದ ಹೊಡೆಯುವ ಈ ಸ್ನೈಪರ್ ಆಟಕ್ಕೆ ನಾನು ಹೊಸಬನಲ್ಲ. ಕಾಲೇಜಿನ ದಿನಗಳಲ್ಲಿ ವಿಜಯನಗರದ ಒಂದು ಸೈಬರ್ ಸೆಂಟರ್‌ನಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡಿ ಬೆಳೆದವನು. ಎಡಬ್ಲ್ಯೂಪಿ ಅನ್ನುವ ಸ್ನೈಪರ್ ಬಂದೂಕು ಕೊಳ್ಳಲು ಆಟದೊಳಗೆ 4,750 ಡಾಲರ್ ಕೂಡಿಡಬೇಕಿತ್ತು. ಕೂಡಿಟ್ಟು ಕೊಂಡ ಮೇಲೆ ಪಕ್ಕದ ಕುರ್ಚಿಯವನು ನನ್ನ ಮಾನಿಟರ್ ಇಣುಕಿ ನೋಡಿ ಬಂದು ಹೊಡೆಯುತ್ತಿದ್ದ. ಅದಕ್ಕೆ ಮದ್ದಿಲ್ಲ. ಉಳಿದದ್ದಕ್ಕೆಲ್ಲ ಇದೆ. ಇಷ್ಟು ವರ್ಷ ಸತ್ತು ಸತ್ತು ನನಗೆ ಅರ್ಥವಾದದ್ದು ಒಂದೇ: ಮೊದಲ ಗುಂಡಿನವರೆಗೆ ಬಚ್ಚಿಟ್ಟುಕೊಳ್ಳುವುದು ಯಾರಿಗೂ ಬರುತ್ತದೆ. ನಿಜವಾದ ಕೆಲಸ ಶುರುವಾಗುವುದು ಆ ಗುಂಡು ಹಾರಿದ ಮೇಲೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಆರನೆಯದನ್ನು ನಿಧಾನವಾಗಿ ಓದಿ.

1. ಎದುರಿನವನ ಪರದೆಯಲ್ಲಿ ಏನಿದೆ ಅಂತ ಮೊದಲು ತಿಳಿಯಿರಿ

ಹುಲ್ಲಿನ ಕಥೆ ಹೀಗೆ. ಎರಾಂಗೆಲ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಮ್ಯಾಪು. ಅಷ್ಟೂ ಜಾಗದ ಹುಲ್ಲನ್ನು ಬಿಡಿಸಲು ಹೋದರೆ ಯಾವ ಫೋನೂ ಬಿಸಿಯಾಗಿ ಕೂತುಬಿಡುತ್ತದೆ. ಅದಕ್ಕೇ ಆಟವು ನೋಡುವವನ ಸುತ್ತ ಸ್ವಲ್ಪ ದೂರದವರೆಗೆ ಮಾತ್ರ ಹುಲ್ಲು ಬಿಡಿಸುತ್ತದೆ. ನೀವು ಮಲಗಿದ ಕಡೆ ನಿಮ್ಮ ಫೋನಿನಲ್ಲಿ ಹುಲ್ಲಿದೆ. ಮುನ್ನೂರು ಮೀಟರ್ ಆಚೆಯಿಂದ ನೋಡುವವನ ಫೋನಿನಲ್ಲಿ ಅದೇ ಜಾಗ ಬೋಳು. ಮರ, ಬಂಡೆ, ಮನೆ, ಗೋಡೆ ಮಾತ್ರ ದೂರಕ್ಕೂ ಕಾಣುತ್ತವೆ. ಅಂದರೆ ಹುಲ್ಲು ಹತ್ತಿರದವರಿಂದ ಮರೆಮಾಡುತ್ತದೆ, ದೂರದವರಿಂದ ಇಲ್ಲ. ಸ್ನೈಪರ್‌ಗೆ ಭಯ ಇರುವುದು ದೂರದವರದ್ದೇ ಅಲ್ವಾ?

ನೆರಳಿನದ್ದೂ ಇದೇ ಪಾಡು. ಆಟ ಸರಾಗವಾಗಿ ಓಡಲಿ ಅಂತ ತುಂಬಾ ಜನ ಗ್ರಾಫಿಕ್ಸನ್ನು ಸ್ಮೂತ್‌ಗೆ, ಅಂದರೆ ಚೆಂದ ಕಡಿಮೆ ಇರುವ ಸೆಟ್ಟಿಂಗ್‌ಗೆ, ಇಟ್ಟಿರುತ್ತಾರೆ. ನೀವು ಎಲ್ಲ ಚೆಂದಗಳನ್ನೂ ಆನ್ ಮಾಡಿಕೊಂಡು ಮರದ ಕಪ್ಪು ನೆರಳಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಅವರ ಪರದೆಯಲ್ಲಿ ಆ ನೆರಳು ಇರಬೇಕು ಅಂತೇನೂ ಇಲ್ಲ. ನನ್ನ ಸಲಹೆ: ನೀವೂ ಒಂದೆರಡು ದಿನ ಸ್ಮೂತ್‌ನಲ್ಲಿ ಆಡಿ ನೋಡಿ. ಯಾವ ಮರೆ ನಿಜ, ಯಾವುದು ಬರೀ ಅಲಂಕಾರ ಅಂತ ತಾನಾಗಿ ಗೊತ್ತಾಗುತ್ತದೆ.

ಬಟ್ಟೆಯ ಬಗ್ಗೆ ಎರಡೇ ಮಾತು. ದುಡ್ಡು ಕೊಟ್ಟು ಕೊಂಡ ಮಿನುಗುವ ಡ್ರೆಸ್ ಹಾಕಿಕೊಂಡು ಸ್ನೈಪರ್ ಹಿಡಿಯುವುದು ಮದುವೆ ಮನೆಗೆ ಹೊರಟವರು ಕಳ್ಳತನಕ್ಕೆ ಹೋದ ಹಾಗೆ. ಮಂಕು ಬಣ್ಣ ಇರಲಿ. ಇನ್ನೊಂದು, ಬೆನ್ನಿನ ಬ್ಯಾಗು. ಸಣ್ಣ ಬಂಡೆಯ ಹಿಂದೆ ಮಲಗಿದಾಗ ತಲೆ ಮರೆಯಾದರೂ ಮೂರನೇ ಲೆವೆಲ್‌ನ ದೊಡ್ಡ ಬ್ಯಾಗು ಮೇಲೆದ್ದು ಕಾಣುತ್ತದೆ. ಏರ್‌ಡ್ರಾಪಿನಲ್ಲಿ (ವಿಮಾನದಿಂದ ಬೀಳುವ ಪೆಟ್ಟಿಗೆ) ಗಿಲ್ಲಿ ಸೂಟ್ (ಹುಲ್ಲು ಎಲೆಯ ವೇಷ) ಸಿಕ್ಕರೆ ಖುಷಿಯಿಂದ ಹಾಕಿಕೊಳ್ಳಿ, ಆದರೆ ಅದನ್ನು ನಂಬಿ ಬಯಲಿಗೆ ಇಳಿಯಬೇಡಿ. ಕದಲದೆ ಇದ್ದಾಗ ಪೊದೆ. ಓಡಿದರೆ ಓಡುವ ಪೊದೆ, ಅಷ್ಟೇ.

2. ಜಾಗ ಆರಿಸುವಾಗ ಲಾಲ್‌ಬಾಗ್ ಬಂಡೆಯನ್ನು ನೆನೆಯಿರಿ

ಸಂಜೆ ಹೊತ್ತು ಲಾಲ್‌ಬಾಗಿಗೆ ಹೋದವರು ನೋಡಿರುತ್ತೀರಿ. ಬಂಡೆಯ ನೆತ್ತಿಯ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ ನಿಂತವರು ಕೆಳಗಿನಿಂದ ಕಪ್ಪು ಗೊಂಬೆಗಳ ಹಾಗೆ ಎದ್ದು ಕಾಣುತ್ತಾರೆ. ಹಿಂದೆ ಬರೀ ಆಕಾಶ. ಅದೇ ಜನ ಹತ್ತು ಹೆಜ್ಜೆ ಕೆಳಗಿಳಿದು ಇಳಿಜಾರಿನಲ್ಲಿ ಕೂತರೆ ಬಂಡೆಯ ಬಣ್ಣದಲ್ಲೇ ಕರಗಿಹೋಗುತ್ತಾರೆ.

ಆಟದಲ್ಲೂ ಅಷ್ಟೇ. ಗುಡ್ಡದ ನೆತ್ತಿಗೆ ಹೋಗಬೇಡಿ. ನೆತ್ತಿಗಿಂತ ಸ್ವಲ್ಪ ಕೆಳಗೆ, ಬೆನ್ನಿಗೆ ಮರವೋ ಬಂಡೆಯೋ ಇರುವ ಹಾಗೆ ಕೂರಿ. ಹಿಂದೆ ಆಕಾಶ ಇರಬಾರದು, ಬಿಳಿ ಗೋಡೆಯೂ ಇರಬಾರದು.

ಆಮೇಲೆ, ಮ್ಯಾಪಿನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವ ಜಾಗಗಳಿವೆ. ನೀರಿನ ಟ್ಯಾಂಕಿನ ಮೇಲ್ಭಾಗ, ಒಂಟಿ ವಾಚ್ ಟವರ್, ಮೂರು ಮಹಡಿ ಮನೆಯ ತಾರಸಿ. ನಿಮಗೆ "ಆಹಾ, ಎಂಥಾ ಜಾಗ!" ಅನ್ನಿಸಿತೇ? ಎದುರಿನವನಿಗೂ ಅನ್ನಿಸಿರುತ್ತದೆ, ಅವನು ಸ್ಕೋಪ್ ತೆಗೆದ ಕೂಡಲೇ ನೋಡುವುದು ಅಲ್ಲಿಗೇ. ಅದಕ್ಕೆ ನಾನು ಯಾವಾಗಲೂ ಎರಡನೇ ಒಳ್ಳೆ ಜಾಗ ಹುಡುಕುತ್ತೇನೆ. ಟವರ್ ಬಿಟ್ಟು ಟವರಿನ ಎಡಕ್ಕೆ ಐವತ್ತು ಹೆಜ್ಜೆ ದೂರದ ಸಾಧಾರಣ ಮರ.

ಇದನ್ನು ಬೆಂಗಳೂರಿನಲ್ಲಿ ಚೆನ್ನಾಗಿ ಬಲ್ಲವರು ನಮ್ಮ ಟ್ರಾಫಿಕ್ ಪೊಲೀಸರು. ಹೆಲ್ಮೆಟ್ ಹಾಕದವರನ್ನು ಹಿಡಿಯಬೇಕಾದರೆ ಸಿಗ್ನಲ್ಲಿನ ನಡುವೆ ನಿಲ್ಲುವುದಿಲ್ಲ. ತಿರುವು ದಾಟಿದ ಮೇಲೆ, ಹೊಂಗೆ ಮರದ ಪಕ್ಕ, ನಿಂತ ಆಟೋದ ಹಿಂದೆ. ಗಾಡಿಯವನು ತಿರುಗಿ ನೇರವಾಗಿ ಮುಂದೆ ನೋಡುವ ಹೊತ್ತಿಗೆ ಪಕ್ಕದಿಂದ ಕೈ ಬರುತ್ತದೆ. ಮುಂದಿನಿಂದ ಬರುವವನನ್ನು ಎದುರಿಸುವ ಜಾಗಕ್ಕಿಂತ ಪಕ್ಕದಿಂದ ನೋಡುವ ಜಾಗ ಮೇಲು. ಓಡುವವರು ತಾವು ಹೋಗಬೇಕಾದ ಕಡೆ ನೋಡುತ್ತಾರೆ, ಪಕ್ಕಕ್ಕೆ ನೋಡುವುದು ಕಡಿಮೆ.

ಮನೆಯೊಳಗೆ ಇದ್ದರೆ ಕಿಟಕಿಗೆ ಅಂಟಿಕೊಂಡು ನಿಲ್ಲಬೇಡಿ. ಕೋಣೆಯ ಹಿಂದಿನ ಗೋಡೆಯ ಹತ್ತಿರ ನಿಂತು ಕಿಟಕಿಯ ಮೂಲಕ ನೋಡಿ. ಕಾಣುವ ಜಾಗ ಕಿರಿದಾಗುತ್ತದೆ ನಿಜ. ಆದರೆ ಆ ಕಿರಿದಾದ ಸಾಲಿನಲ್ಲಿ ಬಂದವರಿಗೆ ಮಾತ್ರ ನೀವೂ ಕಾಣುತ್ತೀರಿ. ಬಂದ ಬಾಗಿಲನ್ನು ಮುಚ್ಚುವುದನ್ನು ಮರೆಯಬೇಡಿ. ಎರಾಂಗೆಲ್‌ನಲ್ಲಿ ಆಟ ಶುರುವಾಗುವಾಗ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ತೆರೆದ ಬಾಗಿಲು, ಒಡೆದ ಗಾಜು ಎರಡೂ "ಇಲ್ಲಿ ಯಾರೋ ಇದ್ದಾರೆ" ಅಂತ ಬೋರ್ಡ್ ಹಾಕಿದ ಹಾಗೆ.

ಕೊನೆಯದಾಗಿ, ಕೂರುವ ಮೊದಲೇ ಓಡುವ ದಾರಿ ನೋಡಿಕೊಳ್ಳಿ. ಒಂದೇ ಮೆಟ್ಟಿಲಿರುವ ತಾರಸಿ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

3. ಸದ್ದಿಲ್ಲದೆ ತಲುಪಿ

ಜೀಪನ್ನು ಮರದ ಬುಡದಲ್ಲೇ ನಿಲ್ಲಿಸಿ ಮರದ ಹಿಂದೆ ಅಡಗುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಗಾಡಿಯನ್ನು ದೂರದ ತಗ್ಗಿನಲ್ಲಿ ಬಿಟ್ಟು, ಕೊನೆಯ ದೂರವನ್ನು ಬಗ್ಗಿ ನಡೆಯಿರಿ. ಓಡುವ ಹೆಜ್ಜೆ ದೂರಕ್ಕೆ ಕೇಳುತ್ತದೆ. ಬಿಜಿಎಂಐನಲ್ಲಿ ಕಿವಿಗೆ ಕೇಳುವುದಷ್ಟೇ ಅಲ್ಲ, ಹತ್ತಿರದವರ ಪರದೆಯ ಮೂಲೆಯಲ್ಲಿರುವ ಮಿನಿ ಮ್ಯಾಪಿನ ಮೇಲೆ ಹೆಜ್ಜೆ ಗುರುತೂ ಬೀಳುತ್ತದೆ. ಕೌಂಟರ್ ಸ್ಟ್ರೈಕ್‌ನಲ್ಲಾದರೆ ಶಿಫ್ಟ್ ಒತ್ತಿಕೊಂಡು ನಡೆದರೆ ಸದ್ದೇ ಇಲ್ಲ.

4. ಸ್ಕೋಪನ್ನು ಕೊನೆಗೆ ತೆರೆಯಿರಿ

ಸ್ಕೋಪ್ ಹಾಕಿಕೊಂಡೇ ಕೂರುವುದು ಹೊಸಬರ ದೊಡ್ಡ ಚಾಳಿ. ಅದರಿಂದ ಎರಡು ನಷ್ಟ. ಪಕ್ಕದಿಂದ ಬರುವವನು ನಿಮಗೆ ಕಾಣುವುದಿಲ್ಲ. ಇನ್ನು ಕೆಲವು ಆಟಗಳಲ್ಲಿ ಸ್ಕೋಪೇ ನಿಮ್ಮನ್ನು ಹಿಡಿದುಕೊಡುತ್ತದೆ. ಬ್ಯಾಟಲ್‌ಫೀಲ್ಡ್ 4 ಮತ್ತು ಕಾಲ್ ಆಫ್ ಡ್ಯೂಟಿಯ ವಾರ್‌ಝೋನ್‌ನಲ್ಲಿ ದೊಡ್ಡ ಸ್ಕೋಪಿನಿಂದ ನೋಡಿದರೆ ಎದುರಿನವರಿಗೆ ಅದರ ಗಾಜು ಪಳಪಳ ಹೊಳೆಯುವುದು ಕಾಣುತ್ತದೆ. 2007ರಲ್ಲಿ ಬಂದ ಟೀಮ್ ಫೋರ್ಟ್ರೆಸ್ 2 ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸ್ನೈಪರ್ ಗುರಿ ಇಟ್ಟ ಕಡೆ ಗೋಡೆಯ ಮೇಲೆ ಬಣ್ಣದ ಚುಕ್ಕಿ ಬೀಳುತ್ತದೆ. ಬಲ್ಲವರು ಆ ಚುಕ್ಕಿಯನ್ನು ನೆಲದ ಮೇಲೋ ಬಾಗಿಲಿನ ಚೌಕಟ್ಟಿನ ಆಚೆಯೋ ಇಟ್ಟುಕೊಂಡು ಕಾಯುತ್ತಾರೆ.

ಸ್ಕೋಪ್ ಹೊಳೆಯುವ ಭಯ ಆಟದವರು ಸುಮ್ನೆ ಕಟ್ಟಿದ್ದಲ್ಲ. 1939ರ ಚಳಿಗಾಲದಲ್ಲಿ ಸೋವಿಯತ್ ಸೇನೆಯ ಎದುರು ಹೋರಾಡಿದ ಫಿನ್‌ಲ್ಯಾಂಡಿನ ಸಿಮೋ ಹೈಹಾ ಸ್ಕೋಪೇ ಬಳಸುತ್ತಿರಲಿಲ್ಲ. ಬಂದೂಕಿನ ಮೇಲಿನ ಸಾದಾ ಕಬ್ಬಿಣದ ಗುರಿಯೇ ಸಾಕಾಗಿತ್ತು. ಗಾಜು ಹೊಳೆಯುವುದಿಲ್ಲ, ಸ್ಕೋಪಿಗಾಗಿ ತಲೆಯನ್ನು ಮೇಲೆತ್ತುವ ಕೆಲಸವೂ ಇಲ್ಲ.

ಬಿಜಿಎಂಐ ಥರ ಮೂರನೆಯವರ ಕಣ್ಣಿನಿಂದ ಆಡುವ ಆಟದಲ್ಲಿ ನಮಗೆ ಒಂದು ವರ ಇದೆ. ಕ್ಯಾಮೆರಾ ನಮ್ಮ ಬೆನ್ನ ಹಿಂದೆ, ಬಲ ಭುಜದ ಮೇಲಿರುತ್ತದೆ. ಮರದ ಹಿಂದೆ ಪೂರ್ತಿ ಅಡಗಿಕೊಂಡೇ ಆಚೆಯದ್ದನ್ನೆಲ್ಲ ನೋಡಬಹುದು. ಕಣ್ಣಿನ ಚಿತ್ರವಿರುವ ಬಟನ್ ಎಳೆದರೆ ದೇಹ ತಿರುಗಿಸದೆ ಸುತ್ತ ನೋಡಬಹುದು. ಹೀಗೇ ನೋಡುತ್ತಾ ಇರಿ. ಹೊಡೆಯುವ ನಿರ್ಧಾರ ಆದ ಮೇಲೆ ಮಾತ್ರ ಪಕ್ಕಕ್ಕೆ ಬಾಗಿ ಸ್ಕೋಪ್ ತೆರೆಯಿರಿ. ಕ್ಯಾಮೆರಾ ಬಲಕ್ಕಿರುವುದರಿಂದ ಮರೆಯ ಬಲಗಡೆಯಿಂದ ಬಾಗಿದರೆ ಮೈ ಕಾಣುವುದು ಕಡಿಮೆ. ಎಡಗಡೆಯಿಂದಾದರೆ ನೀವು ನೋಡುವ ಮೊದಲೇ ನಿಮ್ಮ ಭುಜವನ್ನು ಅವರು ನೋಡಿರುತ್ತಾರೆ.

5. ಹೊಡೆಯಲೇಬೇಕಾ?

ಕಂಡವರಿಗೆಲ್ಲ ಹೊಡೆದರೆ ಅಡಗಿ ಕೂತು ಏನು ಬಂತು? ನಾನು ಮೊದಲು ಹೆಲ್ಮೆಟ್ ನೋಡುತ್ತೇನೆ. ಕಾರ್ 98ಕೆ ಆಗಲಿ ಎಂ 24 ಆಗಲಿ, ಎರಡನೇ ಲೆವೆಲ್ ಹೆಲ್ಮೆಟ್ಟಿನ ತಲೆಗೆ ಬಿದ್ದರೆ ಒಂದೇ ಗುಂಡಿಗೆ ಬೀಳಿಸುತ್ತದೆ. ಮೂರನೇ ಲೆವೆಲ್ ಹೆಲ್ಮೆಟ್ಟಿದ್ದು ಆರೋಗ್ಯ ಪೂರ್ತಿ ಇದ್ದರೆ ಕಾರ್ 98ಕೆಗೆ ಬೀಳುವುದಿಲ್ಲ. ಅದಕ್ಕೆ ಏರ್‌ಡ್ರಾಪಿನ ಎಡಬ್ಲ್ಯೂಎಂ ಬಂದೂಕು ಬೇಕು. ಬೀಳಿಸಲಾಗದ ಗುಂಡು ಬರೀ ನಿಮ್ಮ ವಿಳಾಸ ಕೊಟ್ಟು ಬರುತ್ತದೆ.

ಓಡುವವನಿಗೆ ದೂರದಿಂದ ಹೊಡೆಯುವ ಆಸೆಯನ್ನೂ ತಡೆದುಕೊಳ್ಳಿ. ಪಬ್‌ಜಿಯ ಲೆಕ್ಕದಲ್ಲಿ ಕಾರ್ 98ಕೆ ಗುಂಡು ಸೆಕೆಂಡಿಗೆ 760 ಮೀಟರ್ ಹೋಗುತ್ತದೆ. ನಾನೂರು ಮೀಟರಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಅವನು ಮೂರು ಹೆಜ್ಜೆ ಮುಂದೆ. ಸಾಮಾನು ಎತ್ತಿಕೊಳ್ಳಲು ಬಗ್ಗಲಿ, ಬಿದ್ದ ಗೆಳೆಯನನ್ನು ಎಬ್ಬಿಸಲು ಕೂರಲಿ, ಆಗ ಹೊಡೆಯಿರಿ. ನಾಲ್ವರ ತಂಡ ಸಾಲಾಗಿ ಹೋಗುತ್ತಿದ್ದರೆ ಕೊನೆಯವನನ್ನು ಆರಿಸಿ. ಮುಂದಿನವನು ಬಿದ್ದರೆ ಹಿಂದಿನ ಮೂವರೂ ಕಣ್ಣಾರೆ ನೋಡುತ್ತಾರೆ. ಕೊನೆಯವನು ಬಿದ್ದರೆ ಉಳಿದವರು ಹಿಂತಿರುಗಿ ನೋಡುವಷ್ಟರಲ್ಲಿ ನಿಮಗೆ ಒಂದೆರಡು ಸೆಕೆಂಡು ಸಿಗುತ್ತದೆ.

6. ಗುಂಡು ಹಾರಿತು. ಈಗ?

ಆ ಒಂದೆರಡು ಸೆಕೆಂಡು ಯಾಕೆ ಮುಖ್ಯ ಅಂದರೆ, ಗುಂಡು ಹಾರಿದ ಕ್ಷಣದಿಂದ ಆಟವೇ ನಿಮ್ಮ ವಿರುದ್ಧ ಸಾಕ್ಷಿ ಹೇಳಲು ಶುರು ಮಾಡುತ್ತದೆ. ಸದ್ದು ಕೇಳುತ್ತದೆ. ಮಿನಿ ಮ್ಯಾಪಿನಲ್ಲಿ ಬಂದೂಕಿನ ಗುರುತು ನಿಮ್ಮ ದಿಕ್ಕು ತೋರಿಸುತ್ತದೆ. ಕಾಲ್ ಆಫ್ ಡ್ಯೂಟಿಯ ಹಲವು ಆಟಗಳಲ್ಲಿ ಸಪ್ರೆಸರ್ (ಬಂದೂಕಿನ ಸದ್ದು ತಗ್ಗಿಸುವ ಕೊಳವೆ) ಇಲ್ಲದೆ ಹೊಡೆದರೆ ಮಿನಿ ಮ್ಯಾಪಿನಲ್ಲಿ ನೀವಿರುವ ಜಾಗದಲ್ಲೇ ಕೆಂಪು ಚುಕ್ಕಿ ಮೂಡುತ್ತದೆ. ಅದರ ಮೇಲೆ ಕಿಲ್‌ಕ್ಯಾಮ್ ಬೇರೆ. ಸತ್ತವನು ನಿಮ್ಮ ಕಣ್ಣಿನಿಂದಲೇ ಇಡೀ ದೃಶ್ಯ ನೋಡಿ, ಕೆಲವೇ ಸೆಕೆಂಡಿನಲ್ಲಿ ಮತ್ತೆ ಹುಟ್ಟಿ, ನೇರ ನಿಮ್ಮ ಹತ್ತಿರ ಬರುತ್ತಾನೆ. ಇಂಥ ಆಟದಲ್ಲಿ ಒಂದು ಕಿಲ್ ಆದ ಮೇಲೂ ಅದೇ ಕಿಟಕಿಯಲ್ಲಿ ಕೂತಿದ್ದರೆ ತಪ್ಪು ನಿಮ್ಮದೇ.

ನಾನು ಇಟ್ಟುಕೊಂಡ ಲೆಕ್ಕ ಸರಳ. ಒಂದು ಗುಂಡು ಹೊಡೆದರೆ ಮರೆಗೆ ಸರಿ. ಎರಡು ಹೊಡೆದರೆ ಜಾಗ ಬಿಡು. ಒಬ್ಬ ಬಿದ್ದರೆ ಒಂದೇ ಗುಂಡಾದರೂ ಜಾಗ ಬಿಡು. ಕಾರ್ 98ಕೆ, ಎಂ 24, ಎಡಬ್ಲ್ಯೂಎಂ ಮೂರೂ ಬೋಲ್ಟ್ ಎಳೆಯುವ ಬಂದೂಕುಗಳು. ಒಂದು ಗುಂಡು ಆದ ಮೇಲೆ ಮುಂದಿನದಕ್ಕೆ ಹೇಗೂ ಕಾಯಬೇಕು. ಆ ಹೊತ್ತನ್ನು ಬಯಲಲ್ಲಿ ಕಳೆಯುವ ಬದಲು ಮರದ ಹಿಂದೆ ಕಳೆಯಿರಿ. "ಬಿತ್ತಾ, ಇಲ್ವಾ" ಅಂತ ನೋಡುವ ಚಪಲವೇ ನನ್ನನ್ನು ಅತಿ ಹೆಚ್ಚು ಸಲ ಕೊಂದಿದೆ. ನೋಡಬೇಕಾಗಿಲ್ಲ. ಬಿದ್ದಿದ್ದರೆ ಪರದೆಯ ಮೇಲೇ ಬರೆದು ಬರುತ್ತದೆ.

ಜಾಗ ಬಿಡುವುದು ಅಂದರೆ ಎಷ್ಟು ದೂರ? ಹಿಂದಕ್ಕೆ ಹೋಗುವುದರಿಂದ ಪ್ರಯೋಜನ ಇಲ್ಲ. ಅವರ ಕಣ್ಣಿಗೆ ನೀವು ಅದೇ ಗೆರೆಯಲ್ಲಿ ಇರುತ್ತೀರಿ. ಪಕ್ಕಕ್ಕೆ ಹೋಗಬೇಕು. ಅವರು ಮೊದಲ ಜಾಗಕ್ಕೆ ಸ್ಕೋಪ್ ಹಿಡಿದಿದ್ದಾಗ ನೀವು ಆ ಸ್ಕೋಪಿನ ವೃತ್ತದಿಂದ ಹೊರಗಿರಬೇಕು. ಮುನ್ನೂರು ಮೀಟರ್ ದೂರದವರಿಗೆ ಇಪ್ಪತ್ತು ಮೂವತ್ತು ಮೀಟರ್ ಪಕ್ಕಕ್ಕೆ ಸರಿದರೂ ಬೇಕಾದಷ್ಟಾಯಿತು. ಅವರು ಖಾಲಿ ಮರಕ್ಕೆ ಗುಂಡು ಸುರಿಯುತ್ತಿರುತ್ತಾರೆ. ಈಗ ಅಡಗಿರುವುದು ಯಾರು, ಬಯಲಲ್ಲಿರುವುದು ಯಾರು?

ಚಿಕ್ಕಂದಿನ ಐಸ್‌ಪೈಸ್ ನೆನಪಿದೆಯೇ? ಹುಡುಕುವವನು ಒಮ್ಮೆ ನೋಡಿ ಬಿಟ್ಟ ಜಾಗಕ್ಕೆ ಸದ್ದಿಲ್ಲದೆ ಹೋಗಿ ಕೂರುತ್ತಿದ್ದೆವು. ಅದೂ ಇಲ್ಲಿ ನಡೆಯುತ್ತದೆ. ಎರಡು ಮೂರು ಜಾಗ ಬದಲಿಸಿದ ಮೇಲೆ ಮೊದಲ ಮರಕ್ಕೇ ವಾಪಸ್ ಬನ್ನಿ. ಅಲ್ಲಿ ಯಾರೂ ಇಲ್ಲ ಅಂತ ಅವರು ತೀರ್ಮಾನ ಮಾಡಿ ಆಗಿರುತ್ತದೆ.

ಸಪ್ರೆಸರ್ ಸಿಕ್ಕರೆ ಬಿಡಬೇಡಿ. ಸದ್ದು ಪೂರ್ತಿ ಹೋಗುವುದಿಲ್ಲ, ಆದರೆ ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟವಾಗುತ್ತದೆ. ಬಂದೂಕಿನ ಬಾಯಿಯ ಬೆಂಕಿಯೂ ಕಾಣುವುದಿಲ್ಲ. ಸಪ್ರೆಸರ್ ಇಲ್ಲದ 8ಎಕ್ಸ್ ಸ್ಕೋಪೋ, ಸಪ್ರೆಸರ್ ಇರುವ 4ಎಕ್ಸ್ ಸ್ಕೋಪೋ ಅಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ.

ಆಟ ಮಾಡುವವರಿಗೂ ಒಂದೇ ಕಡೆ ಅಂಟಿ ಕೂರುವವರನ್ನು ಕಂಡರೆ ಆಗುವುದಿಲ್ಲ. 2012ರ ಬ್ಲ್ಯಾಕ್ ಆಪ್ಸ್ 2ರಲ್ಲಿ ಘೋಸ್ಟ್ ಅನ್ನುವ ಪರ್ಕ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಶಕ್ತಿ) ಶತ್ರುವಿನ ಯುಎವಿಯಿಂದ (ಮೇಲಿನಿಂದ ಹುಡುಕುವ ಡ್ರೋನ್) ನಿಮ್ಮನ್ನು ಮರೆಮಾಡುತ್ತಿತ್ತು, ಆದರೆ ನಡೆದಾಡುತ್ತಿದ್ದರೆ ಮಾತ್ರ. ನಿಂತಿರೋ, ಮ್ಯಾಪಿನಲ್ಲಿ ಕಂಡಿರಿ. 2022ರ ನವೆಂಬರಿನಲ್ಲಿ ಕೌಂಟರ್ ಸ್ಟ್ರೈಕ್‌ನವರು ಎಡಬ್ಲ್ಯೂಪಿಯ ಮ್ಯಾಗಜೀನನ್ನು ಹತ್ತು ಗುಂಡಿನಿಂದ ಐದಕ್ಕೆ ಇಳಿಸಿದರು. ಒಂದೇ ಮೂಲೆ ಹಿಡಿದು ಹೊಡೆಯುತ್ತಲೇ ಇರುವುದು ಈಗ ಕಷ್ಟ. ಎರಡು ಮೂರು ಗುಂಡು ಆದ ಕೂಡಲೇ ಹಿಂದೆ ಸರಿದು ರೀಲೋಡ್ ಮಾಡಿ, ಬೇರೆ ಕೋನಕ್ಕೆ ಹೋಗುವುದೇ ಲೇಸು.

ಕೌಂಟರ್ ಸ್ಟ್ರೈಕ್, ವ್ಯಾಲರಂಟ್ ಆಡುವವರಿಗೆ ಇನ್ನೊಂದು ವಿಷಯ. ಅಲ್ಲಿ ಮ್ಯಾಪು ಚಿಕ್ಕದು, ಅಡಗುವುದು ಅಂದರೆ ಮೂಲೆ ಹಿಡಿಯುವುದು. ಸರ್ವರ್‌ವರೆಗೆ ಹೋಗಿ ಬರುವ ತಡದಿಂದಾಗಿ, ಮೂಲೆಯಿಂದ ಹೊರಗೆ ನುಗ್ಗುವವನಿಗೆ ನೀವು ಕಾಣಿಸುವುದು ನಿಮಗೆ ಅವನು ಕಾಣಿಸುವುದಕ್ಕಿಂತ ಒಂದು ಕೂದಲೆಳೆ ಮೊದಲು. ಪಿಂಗ್, ಅಂದರೆ ಆ ತಡ, ಜಾಸ್ತಿ ಇದ್ದಷ್ಟೂ ಈ ವ್ಯತ್ಯಾಸ ಹೆಚ್ಚು. ಮಳೆ ಬಂದು ನೆಟ್ ಎಳೆದಾಡುವ ಸಂಜೆ ನಾನಂತೂ ಎಡಬ್ಲ್ಯೂಪಿ ಮುಟ್ಟುವುದಿಲ್ಲ. ಉಳಿದ ದಿನ, ಮೂಲೆಗೆ ಅಂಟಿ ನಿಲ್ಲದೆ ಅದರಿಂದ ದೂರ ಹಿಂದೆ ನಿಲ್ಲಿ. ಮೂಲೆಗೆ ಹತ್ತಿರ ಇರುವವನ ಭುಜವೇ ಮೊದಲು ಹೊರಗೆ ಬರುತ್ತದೆ, ದೂರ ಇರುವವನು ಅದನ್ನು ಮೊದಲು ನೋಡುತ್ತಾನೆ. ಸೈಬರ್ ಸೆಂಟರಿನ ದಿನಗಳಲ್ಲಿ ಎಡಬ್ಲ್ಯೂಪಿ ಇಂಡಿಯಾ ಅನ್ನುವ ಮ್ಯಾಪು ಆಡುತ್ತಿದ್ದೆವು, ಎಲ್ಲರ ಕೈಯಲ್ಲೂ ಅದೇ ಬಂದೂಕು. ಬೇಗ ಸಾಯುತ್ತಿದ್ದವರು ಗುರಿ ಕೆಟ್ಟವರಲ್ಲ. ಹೊಡೆದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಇಡದವರು.

7. ಮೈಕ್ ಮುಚ್ಚಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಿಜಿಎಂಐನಲ್ಲಿ ಮೈಕನ್ನು "ಆಲ್" ಚಾನೆಲ್‌ಗೆ ಇಟ್ಟರೆ ಹತ್ತಿರದ ಶತ್ರುಗಳಿಗೂ ನಿಮ್ಮ ಮನೆಯ ಸದ್ದು ಕೇಳುತ್ತದೆ. ನಾನೊಮ್ಮೆ ಎರಾಂಗೆಲ್‌ನ ಪೊಚಿಂಕಿ ಊರಿನ ಒಂದು ಮನೆಯ ಮೇಲಿನ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಕೆಳಗೆ ಇಬ್ಬರು ಬಂದರು, ಏನೂ ಕಾಣದೆ ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ನಮ್ಮ ಅಡುಗೆಮನೆಯ ಕುಕ್ಕರ್ ಕೂಗಿತು. ಹಿಂದೆಯೇ ಅಮ್ಮ, "ಅದೆಷ್ಟನೇ ವಿಶಲ್ಲೋ, ಎಣಿಸಿದ್ಯಾ?" ಕೆಳಗಿನಿಂದ ಗ್ರೆನೇಡ್ ಬಂತು.

ಮೈಕನ್ನು "ಟೀಮ್"ಗೆ ಇಡಿ. ಬೇಡದಿದ್ದಾಗ ಮುಚ್ಚಿಡಿ. ಕಿವಿಗೆ ಇಯರ್‌ಫೋನ್ ಇರಲಿ.

8. ಒಂದು ಸಂಜೆಯ ಅಭ್ಯಾಸ

ಗೆಳೆಯನೊಬ್ಬನನ್ನು ಜೊತೆಗೆ ಕೂರಿಸಿಕೊಂಡು ಒಂದೇ ತಂಡದಲ್ಲಿ ಇಳಿಯಿರಿ. ಜನ ಕಡಿಮೆ ಇರುವ ಮೂಲೆಗೆ ಹೋಗಿ, ಎದುರು ಬದುರು ಗುಡ್ಡ ಹತ್ತಿ. ನೀವು ಅಡಗಿ, ಅವನು ಸ್ಕೋಪಿನಲ್ಲಿ ಹುಡುಕಲಿ. ಸಿಕ್ಕ ಕೂಡಲೇ ಅವನ ಫೋನು ಇಸಿದುಕೊಂಡು ನೋಡಿ, ಏನು ಕಂಡಿತು ಅಂತ. ಬ್ಯಾಗೋ, ಟೋಪಿಯೋ, ಆಕಾಶದ ಎದುರು ಬಿದ್ದ ತಲೆಯೋ. ಆಮೇಲೆ ನೀವು ಒಂದು ಗುಂಡು ಗಾಳಿಗೆ ಹಾರಿಸಿ, ಹತ್ತು ಎಣಿಸುವಷ್ಟರಲ್ಲಿ ಜಾಗ ಬದಲಿಸಿ. ಅವನು ಮತ್ತೆ ಹುಡುಕಲಿ. ಪಾತ್ರ ಅದಲು ಬದಲು ಮಾಡಿ.

ನಾನೂ ಅಕ್ಕನ ಮಗನೂ ಇದನ್ನು ಈಗ ಪ್ರತಿ ಭಾನುವಾರ ಆಡುತ್ತೇವೆ. ಕಳೆದ ವಾರ ಎರಡನೇ ಗುಂಡಿನ ಮೇಲೆ ಪೂರ್ತಿ ಮೂರು ನಿಮಿಷ ಅವನಿಗೆ ನಾನು ಸಿಗಲಿಲ್ಲ. "ಎಲ್ಲಿದೀರ ಮಾಮ, ಸಾಕು ಬನ್ನಿ" ಅಂದ. ಮೊದಲ ಮರದ ಹಿಂದೆಯೇ ಇದ್ದೆ.